ಡೆಕೇಡ್ ರೆಸಿಸ್ಟೆನ್ಸ್ ಬಾಕ್ಸ್: ನಿಮ್ಮ ಕೆಲಸಕ್ಕೆ ಯಾವುದು ಸರಿ?

ಬಿಸಿ ಏರಿದಂತೆ ಓಮ್ ಏರುವ ಪ್ಲಾಟಿನಂ ಸೆನ್ಸರ್ ಪಿಟಿ-100. ಅದರ ಟೆಂಪರೇಚರ್ ಕಂಟ್ರೋಲರ್ ಒಂದನ್ನು ಬೆಂಚಿನ ಮೇಲೆ ಇಟ್ಟುಕೊಳ್ಳಿ. ಸೆನ್ಸರ್ ಬಿಚ್ಚಿ, ಅದರ ಜಾಗಕ್ಕೆ 100 ಓಮ್ ಕೊಡಿ. ಸೊನ್ನೆ ಡಿಗ್ರಿ ತೋರಿಸಬೇಕು. 138.51 ಓಮ್ ಕೊಡಿ. 100 ಡಿಗ್ರಿ ತೋರಿಸಬೇಕು. ಹೀಗೆ ಬೇಕಾದ ಓಮ್ ಬೇಕೆಂದಾಗ ತಿರುಗಿಸಿ ಕೊಡುವ ಡಬ್ಬಿಯೇ ಡೆಕೇಡ್ ಬಾಕ್ಸ್. ಬಿಡಿಗೆ ಒಂದು ನಾಬ್, ಹತ್ತಕ್ಕೆ ಒಂದು, ನೂರಕ್ಕೆ ಒಂದು, ಸಾವಿರಕ್ಕೆ ಒಂದು. ಒಳಗೆ ಸಾಲಾಗಿ ರೆಸಿಸ್ಟರ್‌ಗಳು, ಅಷ್ಟೇ.

ಇಷ್ಟು ಸರಳವಾದ ವಸ್ತು ಕೆಲವು ನೂರು ರೂಪಾಯಿಗೂ ಸಿಗುತ್ತದೆ, ಲಕ್ಷ ದಾಟಿದ್ದೂ ಇದೆ. ಎರಡರ ಮೇಲೂ 1, 10, 100 ಎಂದೇ ಬರೆದಿರುತ್ತದೆ. ಕೊಳ್ಳುವವರು ಗೊಂದಲಪಡುವುದು ಸಹಜ ಅಲ್ವಾ? ಹೆಚ್ಚಿನವರು ಶೇಕಡಾ ನೋಡಿ ಕೊಳ್ಳುತ್ತಾರೆ. ಶೇ. 1 ಇದ್ದರೆ ಅಗ್ಗ, ಶೇ. 0.1 ಇದ್ದರೆ ಪರವಾಗಿಲ್ಲ, ಶೇ. 0.01 ಇದ್ದರೆ ಒಳ್ಳೆಯದು ಎಂಬ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ನೀವು ಬಳಸುವ ಅತಿ ಚಿಕ್ಕ ಓಮ್ ಎಷ್ಟು? ಮತ್ತು ಅದರಲ್ಲಿ ಎಷ್ಟು ತಪ್ಪಾದರೆ ನಿಮ್ಮ ಕೆಲಸ ಕೆಡುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ಡಬ್ಬಿ ಎಂಬುದು ಹೆಚ್ಚುಕಡಿಮೆ ತಾನೇ ತೀರ್ಮಾನವಾಗುತ್ತದೆ.

ಒಂದೇ ಡಬ್ಬಿ, ಎರಡು ಸೆನ್ಸರ್

ಎರಡು ಕೆಲಸ ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು ಎನ್‌ಟಿಸಿ ಥರ್ಮಿಸ್ಟರ್. ಎಸಿ, ಫ್ರಿಜ್, ಬ್ಯಾಟರಿ ಪ್ಯಾಕ್, ಎಲ್ಲದರಲ್ಲೂ ಇರುವಂಥದ್ದು. 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವ, ಬೀಟಾ (ಬಿಸಿಗೆ ಓಮ್ ಎಷ್ಟು ಬದಲಾಗುತ್ತದೆ ಎಂಬುದರ ಅಳತೆ) 3950 ಇರುವ ಸಾಮಾನ್ಯ ಥರ್ಮಿಸ್ಟರ್ ತೆಗೆದುಕೊಳ್ಳಿ. ಒಂದು ಡಿಗ್ರಿ ಬಿಸಿ ಏರಿದರೆ ಅದರ ಓಮ್ ಸುಮಾರು ಶೇ. 4.4ರಷ್ಟು ಇಳಿಯುತ್ತದೆ. ಅಂದರೆ ನಿಮ್ಮ ಡಬ್ಬಿ ಶೇ. 1 ತಪ್ಪಿದ್ದರೂ ತಾಪಮಾನದಲ್ಲಿ ಕಾಲು ಡಿಗ್ರಿಯೂ ಕೆಡುವುದಿಲ್ಲ. ಎಸಿ ಬೋರ್ಡ್ ರಿಪೇರಿಗೆ ಇದು ಬೇಕಾದಷ್ಟಾಯಿತು. ಅತಿ ಅಗ್ಗದ ಡಬ್ಬಿ ಸಾಕು. ಜಾಸ್ತಿ ಹಣ ಸುರಿದರೆ ವ್ಯರ್ಥ.

ಎರಡನೆಯದು ಪಿಟಿ-100. ಇದರಲ್ಲಿ ಒಂದು ಡಿಗ್ರಿಗೆ ಬದಲಾಗುವುದು ಸುಮಾರು 0.385 ಓಮ್ ಮಾತ್ರ. ಅದೇ ಶೇ. 1ರ ಡಬ್ಬಿಯಲ್ಲಿ 100 ಓಮ್ ಇಟ್ಟರೆ 1 ಓಮ್ ತಪ್ಪಿರಬಹುದು. ಅಂದರೆ 2.6 ಡಿಗ್ರಿ. 200 ಡಿಗ್ರಿಗೆ 175.86 ಓಮ್ ಇಡಬೇಕು, ಅಲ್ಲಿ ಶೇ. 1 ಅಂದರೆ ಸುಮಾರು 4.8 ಡಿಗ್ರಿ! ಕಂಟ್ರೋಲರ್ ಸರಿಯಾಗಿಯೇ ಇರುತ್ತದೆ, ಡಬ್ಬಿ ಸುಳ್ಳು ಹೇಳುತ್ತಿರುತ್ತದೆ, ನಾವು ಕಂಟ್ರೋಲರ್ ತಿದ್ದುತ್ತಿರುತ್ತೇವೆ.

ಪಿಟಿ-1000 ಇದ್ದರೆ ಕಥೆ ಸ್ವಲ್ಪ ಸುಲಭ. ಅಲ್ಲಿ ಒಂದು ಡಿಗ್ರಿಗೆ 3.85 ಓಮ್. ಶೇಕಡಾವಾರು ತಪ್ಪು ಅಷ್ಟೇ ಕಾಡುತ್ತದೆ, ಆದರೆ ವೈರು ಮತ್ತು ಸ್ವಿಚ್ಚಿನಿಂದ ಬರುವ ಚಿಲ್ಲರೆ ಮಿಲಿಓಮ್‌ಗಳು ಹತ್ತು ಪಟ್ಟು ಕಡಿಮೆ ಕಾಡುತ್ತವೆ.

ಸೊನ್ನೆಯಲ್ಲಿ ಸೊನ್ನೆ ಇಲ್ಲ

ನಾಬ್ ಎಲ್ಲವನ್ನೂ ಸೊನ್ನೆಗೆ ಇಡಿ. ನಾಲ್ಕು ವೈರಿನ ಮೀಟರ್ (ತನ್ನ ವೈರಿನ ರೆಸಿಸ್ಟೆನ್ಸ್ ಸೇರಿಸದೆ ಅಳೆಯುವಂಥದ್ದು) ಹಚ್ಚಿ ನೋಡಿ. ಸೊನ್ನೆ ಬರುವುದಿಲ್ಲ. ಒಳಗಿನ ವೈರು, ಸ್ವಿಚ್ ಕಾಂಟ್ಯಾಕ್ಟ್, ಟರ್ಮಿನಲ್, ಎಲ್ಲ ಸೇರಿ ಏನೋ ಒಂದಷ್ಟು ಇದ್ದೇ ಇರುತ್ತದೆ. ಇದನ್ನು ಸೊನ್ನೆ ರೆಸಿಸ್ಟೆನ್ಸ್ ಎನ್ನುತ್ತಾರೆ. ನೀವು ಯಾವ ಓಮ್ ಇಟ್ಟರೂ ಇದು ಜೊತೆಗೆ ಸೇರಿಕೊಳ್ಳುತ್ತದೆ.

ಡೇಟಾ ಶೀಟ್‌ನಲ್ಲಿ ನಿಖರತೆಯನ್ನು ಶೇ. 0.1 ಪ್ಲಸ್ 20 ಮಿಲಿಓಮ್ ಎಂಬಂತೆ ಎರಡು ಭಾಗದಲ್ಲಿ ಬರೆದಿರುತ್ತಾರೆ. ಎರಡನೇ ಭಾಗವನ್ನು ಯಾರೂ ಓದುವುದಿಲ್ಲ. ಓದಿ ನೋಡಿ. 1000 ಓಮ್‌ನಲ್ಲಿ ಆ 20 ಮಿಲಿಓಮ್ ಲೆಕ್ಕಕ್ಕೇ ಇಲ್ಲ. 100 ಓಮ್‌ನಲ್ಲಿ ಒಟ್ಟು ತಪ್ಪು 0.12 ಓಮ್ ಆಗುತ್ತದೆ. 1 ಓಮ್‌ನಲ್ಲಿ 21 ಮಿಲಿಓಮ್, ಅಂದರೆ ಶೇ. 2ಕ್ಕೂ ಜಾಸ್ತಿ. ಮುಚ್ಚಳದ ಮೇಲೆ ಬರೆದದ್ದು ಶೇ. 0.1, ಕೈಗೆ ಸಿಕ್ಕಿದ್ದು ಶೇ. 2. ಇನ್ನು ಕೆಲವು ತಯಾರಕರು ಸೊನ್ನೆ ರೆಸಿಸ್ಟೆನ್ಸ್ ಕಳೆದ ಮೇಲಿನ ನಿಖರತೆಯನ್ನು ಮಾತ್ರ ಹೇಳುತ್ತಾರೆ. ಅದು ಮೋಸವಲ್ಲ, ಶೀಟ್‌ನಲ್ಲಿ ಬರೆದೇ ಇರುತ್ತಾರೆ. ಆದರೆ ಕಳೆಯುವ ಕೆಲಸ ನಮ್ಮದು.

ಅದಕ್ಕಿಂತ ತೊಂದರೆ ಕೊಡುವುದು ಈ ಸೊನ್ನೆ ರೆಸಿಸ್ಟೆನ್ಸ್ ಸ್ಥಿರವಾಗಿ ಇಲ್ಲದಿರುವುದು. ಒಂದು ಸಲ ತಿರುಗಿಸಿದಾಗ 30 ಮಿಲಿಓಮ್, ಇನ್ನೊಂದು ಸಲ 80. ಸ್ಥಿರವಾಗಿದ್ದರೆ ಕಳೆದುಬಿಡಬಹುದು. ಓಲಾಡುತ್ತಿದ್ದರೆ ಏನೂ ಮಾಡಲಾಗದು.

ಇದನ್ನು ನಾನು ಕಲಿತದ್ದು ಒಂದು ಇನ್‌ಕ್ಯುಬೇಟರ್‌ನಿಂದ. 37 ಡಿಗ್ರಿಯಲ್ಲಿ ನಿಲ್ಲಬೇಕಾದ ಯಂತ್ರ. 37 ಡಿಗ್ರಿಗೆ ಪಿಟಿ-100 ಅಂದರೆ 114.38 ಓಮ್. ಡಬ್ಬಿಯಲ್ಲಿ ಅಷ್ಟು ಇಟ್ಟೆ, ಕಂಟ್ರೋಲರ್ 38.2 ತೋರಿಸಿತು. ಕಂಟ್ರೋಲರ್ ಜಾಸ್ತಿ ತೋರಿಸುತ್ತಿದೆ ಎಂದು ಆಫ್‌ಸೆಟ್ (ರೀಡಿಂಗ್‌ಗೆ ಕೂಡಿಸುವ ತಿದ್ದುಪಡಿ) ಮೈನಸ್ 1.2 ಕೊಟ್ಟು ಬಂದೆ. ಮರುದಿನ ಅಲ್ಲಿಂದ ಫೋನ್ ಬಂತು. ಒಳಗಿಟ್ಟ ಗಾಜಿನ ಥರ್ಮಾಮೀಟರ್ 38 ದಾಟಿದೆ ಎಂದರು. ಹೋಗಿ ನೋಡಿದರೆ ತಪ್ಪು ನನ್ನ ಡಬ್ಬಿಯದು. ಮಳೆಗಾಲ ಪೂರ್ತಿ ಕಪಾಟಿನಲ್ಲಿ ಬಿದ್ದಿತ್ತು, ನೂರರ ನಾಬ್‌ನ ಕಾಂಟ್ಯಾಕ್ಟ್ ಮೇಲೆ ಪದರ ಕಟ್ಟಿತ್ತು, ಅದರಿಂದಲೇ ಅರ್ಧ ಓಮ್‌ನಷ್ಟು ಸೇರಿಕೊಂಡಿತ್ತು. ನಾಬ್ ಅನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿದೆ. ಸೊನ್ನೆ ರೆಸಿಸ್ಟೆನ್ಸ್ 60 ಮಿಲಿಓಮ್‌ಗೆ ಇಳಿಯಿತು. ಕಂಟ್ರೋಲರ್ ಮೊದಲಿನಿಂದಲೂ ಸರಿಯಾಗಿತ್ತು. ಆಫ್‌ಸೆಟ್ ತೆಗೆದು, ಕ್ಷಮೆ ಕೇಳಿ ಬಂದೆ. ಅವತ್ತಿನಿಂದ ಡಬ್ಬಿ ಹೊರಗೆ ತೆಗೆದ ಕೂಡಲೇ ಎಲ್ಲ ನಾಬ್‌ಗಳನ್ನೂ ಹತ್ತಿಪ್ಪತ್ತು ಸಲ ತಿರುಗಿಸಿ, ಸೊನ್ನೆ ಅಳೆದು, ಕಾಗದದಲ್ಲಿ ಬರೆದುಕೊಂಡೇ ಕೆಲಸ ಶುರು ಮಾಡುತ್ತೇನೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೂರು ವೈರಿನ ಪಿಟಿ-100 ಕನೆಕ್ಷನ್ ಇದ್ದರೆ ಎಲ್ಲ ತಾನೇ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಸರಿಹೋಗುವುದು ವೈರಿನ ರೆಸಿಸ್ಟೆನ್ಸ್ ಮಾತ್ರ, ಅದೂ ಮೂರೂ ವೈರು ಒಂದೇ ಉದ್ದ, ಒಂದೇ ದಪ್ಪ ಇದ್ದರೆ. ಡಬ್ಬಿಯ ಒಳಗಿನ ಸ್ವಿಚ್ಚಿನ ರೆಸಿಸ್ಟೆನ್ಸ್ ಅನ್ನು ಕಂಟ್ರೋಲರ್ ಸೆನ್ಸರ್‌ನ ಭಾಗವೆಂದೇ ತಿಳಿಯುತ್ತದೆ. ಎರಡು ವೈರಲ್ಲೇ ಮಾಡುವವರು ಈ ಲೆಕ್ಕ ನೋಡಿ: ಅರ್ಧ ಚದರ ಮಿಲಿಮೀಟರ್ ತಾಮ್ರದ ವೈರು ಮೀಟರಿಗೆ ಸುಮಾರು 34 ಮಿಲಿಓಮ್. ಹೋಗಲು ಒಂದು ಮೀಟರ್, ಬರಲು ಒಂದು ಮೀಟರ್. ಅಷ್ಟರಲ್ಲೇ 0.18 ಡಿಗ್ರಿ ಹೋಯಿತು.

ಮಾರುಕಟ್ಟೆಯಲ್ಲಿ ಏನೇನಿದೆ

ಸ್ಲೈಡ್ ಸ್ವಿಚ್ ಅಥವಾ ಜಂಪರ್ ಇರುವ ಬೋರ್ಡ್‌ಗಳು ಎಲ್ಲಕ್ಕಿಂತ ಅಗ್ಗ. ಆನ್‌ಲೈನ್‌ನಲ್ಲಿ ಏಳು ಸ್ಥಾನದ ಬೋರ್ಡ್‌ಗಳು ಧಾರಾಳ. ಇವುಗಳಲ್ಲಿ ಒಂದು ಸ್ಥಾನಕ್ಕೆ ನಾಲ್ಕು ರೆಸಿಸ್ಟರ್ ಹಾಕುವ ಉಪಾಯ ಸಾಮಾನ್ಯ. 1, 2, 2, 4 ಇದ್ದರೆ ಒಂದರಿಂದ ಒಂಬತ್ತರವರೆಗೆ ಯಾವುದನ್ನಾದರೂ ಕೂಡಿಸಿ ಮಾಡಬಹುದು. ಆದರೆ ಬೇಡವಾದ ರೆಸಿಸ್ಟರ್ ಅನ್ನು ಸ್ವಿಚ್ ಶಾರ್ಟ್ ಮಾಡುತ್ತದೆ. ಏಳು ಸ್ಥಾನ, ತಲಾ ನಾಲ್ಕು ಸ್ವಿಚ್, ಒಟ್ಟು 28. ಒಂದೊಂದು ಕಾಂಟ್ಯಾಕ್ಟ್ ಬರೀ 20 ಮಿಲಿಓಮ್ ಎಂದು ಹಿಡಿದರೂ ಸೊನ್ನೆಯಲ್ಲೇ ಅರ್ಧ ಓಮ್ ದಾಟುತ್ತದೆ. ಹಾಗಾಗಿ ನೂರು ಓಮ್‌ನ ಒಳಗಿನ ಕೆಲಸಕ್ಕೆ ಇದನ್ನು ನಂಬಬೇಡಿ. ಕಿಲೋಓಮ್‌ಗಳಲ್ಲಿ ಪ್ರಯೋಗ ಮಾಡುವವರಿಗೆ, ಸರ್ಕ್ಯೂಟ್‌ಗೆ ಯಾವ ರೆಸಿಸ್ಟರ್ ಹೊಂದುತ್ತದೆ ಎಂದು ಹುಡುಕುವ ವಿದ್ಯಾರ್ಥಿಗಳಿಗೆ ಇದು ನಿಜಕ್ಕೂ ಒಳ್ಳೆಯ ಸಾಧನ. ನನ್ನ ಬೆಂಚಿನ ಮೇಲೂ ಒಂದಿದೆ.

ಥಂಬ್‌ವೀಲ್ ಇರುವ ಚಿಕ್ಕ ಡಬ್ಬಿಗಳು ಅಂಗೈಯಲ್ಲಿ ಹಿಡಿಯುತ್ತವೆ, ಅಂಕೆ ನೇರವಾಗಿ ಓದಬಹುದು. ಸೈಟ್‌ಗೆ ಒಯ್ಯಲು ಹಿತ. ಕಾಂಟ್ಯಾಕ್ಟ್ ವಿಷಯದಲ್ಲಿ ಸ್ಲೈಡ್‌ಗಿಂತ ಮೇಲು, ರೋಟರಿಗಿಂತ ಕೆಳಗೆ.

ರೋಟರಿ ನಾಬ್ ಇರುವ ಡಬ್ಬಿಯೇ ಕ್ಯಾಲಿಬ್ರೇಷನ್ (ಉಪಕರಣ ಸರಿ ತೋರಿಸುತ್ತದೆಯೇ ಎಂದು ಪರೀಕ್ಷಿಸುವ) ಕೆಲಸದ ನಿಜವಾದ ಕುದುರೆ. ಒಂದು ಸ್ಥಾನಕ್ಕೆ ಒಂದೇ ಸ್ವಿಚ್, ಆದ್ದರಿಂದ ಆರು ಸ್ಥಾನಕ್ಕೆ ಆರು ಸ್ವಿಚ್ ಮಾತ್ರ. ಒಳ್ಳೆಯ ಡಬ್ಬಿಗಳಲ್ಲಿ ಬೆಳ್ಳಿ ಮಿಶ್ರಲೋಹದ, ಅನೇಕ ಎಲೆಗಳ ಕಾಂಟ್ಯಾಕ್ಟ್ ಇರುತ್ತದೆ. ಒಂದೊಂದು ಸ್ವಿಚ್ಚಿಗೆ ಕೆಲವೇ ಮಿಲಿಓಮ್. ಅಮೆರಿಕದ ಜನರಲ್ ರೇಡಿಯೊ ಕಂಪನಿಯ 1433 ಸರಣಿ ಈ ವರ್ಗದ ಹಳೆಯ ಮಾದರಿ. ಆ ಉತ್ಪನ್ನಗಳು ಈಗ ಐಇಟಿ ಲ್ಯಾಬ್ಸ್ ಕೈಯಲ್ಲಿವೆ. ಅದೇ ದೇಶದ ಇಎಸ್‌ಐ ಕಂಪನಿಯ ಡೆಕಾಬಾಕ್ಸ್, ಇಂಗ್ಲೆಂಡಿನ ಕ್ರಾಪಿಕೊ ಡಬ್ಬಿಗಳು ಸಹ ಹಳೆಯ ಲ್ಯಾಬ್‌ಗಳಲ್ಲಿ ಕಾಣುತ್ತವೆ. ಇಂಥದ್ದು ಸೆಕೆಂಡ್ ಹ್ಯಾಂಡ್ ಸಿಕ್ಕರೆ, ಒಳಗೆ ಸುಟ್ಟಿಲ್ಲ ಎಂದು ಖಾತರಿಯಾದರೆ, ಹೊಸ ಅಗ್ಗದ ಡಬ್ಬಿಗಿಂತ ಇದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಹಳೆಯದು ಎಂಬುದು ಇಲ್ಲಿ ಗುಣ. ವರ್ಷಗಟ್ಟಲೆ ಮಾಗಿದ ವೈರ್ ಸುರುಳಿ ಹೊಸದಕ್ಕಿಂತ ಕಡಿಮೆ ಬದಲಾಗುತ್ತದೆ.

ಒಳಗೆ ಏನಿದೆ ಎಂಬುದೂ ಮುಖ್ಯ. ಕೆಳಗಿನ ಸ್ಥಾನಗಳಿಗೆ ಮ್ಯಾಂಗನಿನ್ ವೈರಿನ ಸುರುಳಿ ಇದ್ದರೆ ಒಳ್ಳೆಯದು. ತಾಮ್ರ, ಸುಮಾರು ಶೇ. 12ರಷ್ಟು ಮ್ಯಾಂಗನೀಸ್, ಒಂದಿಷ್ಟು ನಿಕಲ್ ಸೇರಿದ ಈ ಮಿಶ್ರಲೋಹವನ್ನು ಎಡ್ವರ್ಡ್ ವೆಸ್ಟನ್ ಎಂಬಾತ 1892ರಲ್ಲಿ ತಂದದ್ದು. ಕೋಣೆಯ ಬಿಸಿಗೆ ಅದರ ಓಮ್ ಬಹಳ ಕಡಿಮೆ ಬದಲಾಗುತ್ತದೆ. ತಾಮ್ರದ ಜೊತೆ ಬೆಸೆದಾಗ ಹುಟ್ಟುವ ವೋಲ್ಟೇಜ್ ಸಹ ಡಿಗ್ರಿಗೆ ಕೆಲವೇ ಮೈಕ್ರೊವೋಲ್ಟ್. ಕಾನ್‌ಸ್ಟಾಂಟನ್ ವೈರಾದರೆ ಅದು ಡಿಗ್ರಿಗೆ ಸುಮಾರು 40 ಮೈಕ್ರೊವೋಲ್ಟ್. ಯಾಕೆ ಹೇಳುತ್ತಿದ್ದೇನೆಂದರೆ, 1 ಓಮ್‌ನಲ್ಲಿ 1 ಮಿಲಿಆಂಪ್ ಹರಿಸಿ ಅಳೆದರೆ ಸಿಗುವುದೇ 1 ಮಿಲಿವೋಲ್ಟ್. ಅದರಲ್ಲಿ 10 ಮೈಕ್ರೊವೋಲ್ಟ್ ಎಲ್ಲಿಂದಲೋ ಸೇರಿದರೆ ಶೇ. 1 ತಪ್ಪು. ಟರ್ಮಿನಲ್ ಮುಟ್ಟಿದ ಬೆರಳಿನ ಬಿಸಿಯೂ ಸಾಕು. ಕರೆಂಟ್ ತಿರುಗಿಸಿ ಎರಡು ಸಲ ಅಳೆದು ಸರಾಸರಿ ತೆಗೆದರೆ ಇದು ಕಳೆದುಹೋಗುತ್ತದೆ.

ಕಿಲೋಓಮ್‌ನಿಂದ ಮೇಲಕ್ಕೆ ಮೆಟಲ್ ಫಿಲ್ಮ್ ಸಾಕು. ಆದರೆ ತಾಪ ಗುಣಾಂಕ ನೋಡಿ. ಡಿಗ್ರಿಗೆ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಇದ್ದರೆ 20 ಡಿಗ್ರಿ ಬದಲಾವಣೆಗೆ ಶೇ. 0.1. ಎಸಿ ಲ್ಯಾಬ್‌ನಲ್ಲಿ 23 ಡಿಗ್ರಿಯಲ್ಲಿ ಅಳೆದು ಸರ್ಟಿಫಿಕೇಟ್ ಕೊಟ್ಟ ಡಬ್ಬಿಯನ್ನು ಮೇ ತಿಂಗಳಲ್ಲಿ ಕಲಬುರಗಿಯದೋ ರಾಯಚೂರಿನದೋ ಶೆಡ್ಡಿಗೆ ಒಯ್ದರೆ ಆ 20 ಡಿಗ್ರಿ ಆರಾಮಾಗಿ ಸಿಗುತ್ತದೆ. ಶೇ. 0.05ರ ಡಬ್ಬಿ ಎಂದು ದುಡ್ಡು ಕೊಟ್ಟವರು ಅಲ್ಲಿ ಅದನ್ನು ಕಳೆದುಕೊಂಡಿರುತ್ತಾರೆ. 10 ಪಿಪಿಎಂ ಇದ್ದ ಶೇ. 0.1ರ ಡಬ್ಬಿ ಇಂಥ ಜಾಗಕ್ಕೆ ಅದಕ್ಕಿಂತ ಒಳ್ಳೆಯದು.

ಪಿಯುಸಿ ಲ್ಯಾಬ್‌ನಲ್ಲಿ ಎಲ್ಲರೂ ನೋಡಿರುವ ಮರದ ಡಬ್ಬಿ, ಹಿತ್ತಾಳೆ ಕಟ್ಟೆಗಳ ನಡುವೆ ಪ್ಲಗ್ ಚುಚ್ಚುವುದು, ಅದೂ ಇದೇ ಕುಲದ್ದು. ಪ್ಲಗ್ ಕಿತ್ತರೆ ಅಲ್ಲಿನ ರೆಸಿಸ್ಟೆನ್ಸ್ ಸೇರುತ್ತದೆ. ಪ್ಲಗ್ ಶುಚಿಯಾಗಿದ್ದು ಗಟ್ಟಿಯಾಗಿ ತಿರುಚಿ ಕೂರಿಸಿದ್ದರೆ ಕಾಂಟ್ಯಾಕ್ಟ್ ತುಂಬಾ ಚೆನ್ನಾಗಿರುತ್ತದೆ. ಆದರೆ ಕೆಲಸ ನಿಧಾನ, ಕೂಡಿ ಲೆಕ್ಕ ಹಾಕಬೇಕು, ಒಂದು ಪ್ಲಗ್ ಸಡಿಲ ಇದ್ದರೆ ಗೊತ್ತೇ ಆಗುವುದಿಲ್ಲ. ಕಲಿಯಲು ಸರಿ, ಕ್ಯಾಲಿಬ್ರೇಷನ್‌ಗೆ ಕೊಳ್ಳಬೇಡಿ.

ಪ್ರೋಗ್ರಾಮ್ ಮಾಡುವ ಡಬ್ಬಿಗಳಲ್ಲಿ ನಾಬ್ ಬದಲು ರಿಲೇ ಇರುತ್ತದೆ. ದಿನಕ್ಕೆ ನೂರಾರು ಬೋರ್ಡ್ ಪರೀಕ್ಷಿಸುವ ಪ್ರೊಡಕ್ಷನ್ ಲೈನ್‌ಗೆ ಇದು ಬೇಕೇ ಬೇಕು. ಕೈಯಲ್ಲಿ ತಿರುಗಿಸಿದರೆ ಮನುಷ್ಯ ದಣಿದು ತಪ್ಪುತ್ತಾನೆ. ವಾರಕ್ಕೆ ಹತ್ತು ಉಪಕರಣ ನೋಡುವವರಿಗೆ ಬೇಡ.

ಡಬ್ಬಿಯೋ, ಎಲೆಕ್ಟ್ರಾನಿಕ್ ಕ್ಯಾಲಿಬ್ರೇಟರೋ

ಇದು ಸೈಟ್‌ನಲ್ಲಿ ಕೆಲಸ ಮಾಡುವವರು ಜಾಸ್ತಿ ಕೇಳುವ ಪ್ರಶ್ನೆ. ಕೈಯಲ್ಲಿ ಹಿಡಿಯುವ ಪ್ರೋಸೆಸ್ ಕ್ಯಾಲಿಬ್ರೇಟರ್‌ನಲ್ಲಿ 100 ಡಿಗ್ರಿ ಎಂದು ಒತ್ತಿದರೆ ಅದೇ 138.51 ಓಮ್‌ನಂತೆ ನಟಿಸುತ್ತದೆ. ಟೇಬಲ್ ನೋಡುವ ಕೆಲಸವಿಲ್ಲ. ಥರ್ಮೋಕಪಲ್ (ಬಿಸಿಗೆ ವೋಲ್ಟೇಜ್ ಕೊಡುವ ಸೆನ್ಸರ್), 4–20 ಮಿಲಿಆಂಪ್ (ಕಾರ್ಖಾನೆಗಳ ಸಿಗ್ನಲ್ ಕರೆಂಟ್) ಎಲ್ಲ ಒಂದರಲ್ಲೇ. ಅನುಕೂಲ ಅಂದರೆ ಅನುಕೂಲ.

ಆದರೆ ಅದು ನಿಜವಾದ ರೆಸಿಸ್ಟರ್ ಅಲ್ಲ. ಕಂಟ್ರೋಲರ್ ಕಳಿಸುವ ಕರೆಂಟ್ ಅಳೆದು, ಅದಕ್ಕೆ ತಕ್ಕ ವೋಲ್ಟೇಜ್ ಹುಟ್ಟಿಸುವ ಸರ್ಕ್ಯೂಟ್. ಆ ಕರೆಂಟ್ ಅದರ ಮಿತಿಯೊಳಗೆ ಇರಬೇಕು, ದಿಕ್ಕು ಸರಿ ಇರಬೇಕು. ಇಂದಿನ ಹಲವು ಟ್ರಾನ್ಸ್‌ಮಿಟರ್‌ಗಳು (ಸೆನ್ಸರ್ ಓದಿ ಸಿಗ್ನಲ್ ಕಳಿಸುವಂಥವು), ಪಿಎಲ್‌ಸಿ (ಯಂತ್ರ ನಡೆಸುವ ಕಂಪ್ಯೂಟರ್) ಕಾರ್ಡ್‌ಗಳು ಕರೆಂಟ್ ಅನ್ನು ಸತತವಾಗಿ ಕಳಿಸುವುದಿಲ್ಲ, ಕೆಲವೇ ಮಿಲಿಸೆಕೆಂಡ್‌ಗಳ ಪಲ್ಸ್ ಆಗಿ ಕಳಿಸುತ್ತವೆ. ಆ ವೇಗಕ್ಕೆ ಕ್ಯಾಲಿಬ್ರೇಟರ್ ಸ್ಪಂದಿಸದಿದ್ದರೆ ರೀಡಿಂಗ್ ಕುಣಿಯುತ್ತದೆ. ಸೆನ್ಸರ್ ಓಪನ್ ಎಂಬ ಅಲಾರಂ ಸಹ ಬರಬಹುದು. ಅದನ್ನು ನೋಡಿ ಕಾರ್ಡ್ ಕೆಟ್ಟಿದೆ ಎಂದು ಬದಲಿಸಿದವರೂ ಇದ್ದಾರೆ. ಅಲ್ಲಿಗೆ ನಾಬ್ ಡಬ್ಬಿ ಹಚ್ಚಿ ನೋಡಿ, ರೀಡಿಂಗ್ ಕಲ್ಲಿನಂತೆ ನಿಲ್ಲುತ್ತದೆ. ರೆಸಿಸ್ಟರ್‌ಗೆ ಪಲ್ಸ್ ಆದರೇನು, ಡಿಸಿ ಆದರೇನು.

ಎರಡರಲ್ಲಿ ಒಂದನ್ನೇ ಕೊಳ್ಳಲು ಸಾಧ್ಯ ಎಂದಾದರೆ, ನಾನಾ ಸಿಗ್ನಲ್ ಇರುವ ಪ್ಲಾಂಟ್‌ಗೆ ಕ್ಯಾಲಿಬ್ರೇಟರ್. ಬರೀ ಆರ್‌ಟಿಡಿ (ಪಿಟಿ-100ರಂಥ ಸೆನ್ಸರ್) ಇರುವ ಕಡೆ, ಅಥವಾ ನಿಮ್ಮ ಕಾರ್ಡ್‌ಗಳು ಪಲ್ಸ್ ಕಳಿಸುವಂಥವು ಎಂದು ಗೊತ್ತಿದ್ದರೆ ಡಬ್ಬಿ. ಎರಡೂ ಇದ್ದರೆ ಜಗಳವೇ ಇಲ್ಲ.

ಡಬ್ಬಿಯೇ ಬೇಡದ ಸಂದರ್ಭ

ವಾರಕ್ಕೊಮ್ಮೆ ಅದೇ ಎರಡು ಪಾಯಿಂಟ್ ನೋಡುವ ಕೆಲಸವಾದರೆ ಡಬ್ಬಿ ಯಾಕೆ? ಶೇ. 0.01ರ, ಕಡಿಮೆ ಪಿಪಿಎಂನ ಎರಡು ಬಿಡಿ ರೆಸಿಸ್ಟರ್ ಕೊಳ್ಳಿ. 100 ಓಮ್ ಒಂದು, 140 ಓಮ್ ಒಂದು. 140 ಅಂದರೆ ಸುಮಾರು 104 ಡಿಗ್ರಿ. ಗುಂಡಗಿನ 100 ಡಿಗ್ರಿಯೇ ಬೇಕೆಂಬ ಹಟ ಬಿಡಿ, ಕಂಟ್ರೋಲರ್‌ಗೆ ಎಲ್ಲ ಒಂದೇ. ಕನೆಕ್ಟರ್‌ನೊಳಗೆ ನಾಲ್ಕು ವೈರಿನಂತೆ ಬೆಸುಗೆ ಹಾಕಿ, ರಾಳ ತುಂಬಿ, ಅಳೆದ ಓಮ್ ಎಷ್ಟೆಂದು ಬರೆದು ಮೇಲೆ ಅಂಟಿಸಿ. ಸ್ವಿಚ್ ಇಲ್ಲ, ಆದ್ದರಿಂದ ಸ್ವಿಚ್ಚಿನ ತಾಪತ್ರಯವೂ ಇಲ್ಲ. ಇದಕ್ಕಿಂತ ನಂಬಿಕೆಯ ವಸ್ತು ಆ ಬೆಲೆಗೆ ಬೇರೆ ಇಲ್ಲ.

ಇನ್ನೊಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ನಿಮ್ಮಲ್ಲಿ ಒಳ್ಳೆಯ ಆರೂವರೆ ಅಂಕೆಯ ಮಲ್ಟಿಮೀಟರ್ ಇದ್ದರೆ, ಅದನ್ನೇ ಮಾನದಂಡ ಮಾಡಿಕೊಳ್ಳಿ. ಡಬ್ಬಿಯಲ್ಲಿ ಬೇಕಾದ ಓಮ್ ಇಡಿ, ಮೀಟರ್‌ನಿಂದ ನಾಲ್ಕು ವೈರಲ್ಲಿ ಅಳೆಯಿರಿ, ನಾಬ್ ಮುಟ್ಟದೆ ಮೀಟರ್ ಬಿಚ್ಚಿ ಕಂಟ್ರೋಲರ್‌ಗೆ ಹಚ್ಚಿ. ಈಗ ಡಬ್ಬಿ ನಿಖರವಾಗಿರಬೇಕಿಲ್ಲ. ಐದು ನಿಮಿಷ ಅಲ್ಲಾಡದೆ ನಿಂತರೆ ಸಾಕು. ಸಾಧಾರಣ ಡಬ್ಬಿಯಲ್ಲೂ ಉತ್ತಮ ಕೆಲಸ ತೆಗೆಯಬಹುದು.

ಸ್ವಂತ ಮಾಡಿಕೊಳ್ಳುವುದಾದರೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ. 12 ಪೊಸಿಷನ್ ರೋಟರಿ ಸ್ವಿಚ್, ಡಬ್ಬಿ, ಬೈಂಡಿಂಗ್ ಪೋಸ್ಟ್ ಸಿಗುತ್ತವೆ. ಆರು ಸ್ಥಾನಕ್ಕೆ ತಲಾ ಒಂಬತ್ತು, ಒಟ್ಟು 54 ರೆಸಿಸ್ಟರ್. ಶೇ. 0.1ರವನ್ನು ದೊಡ್ಡ ಡಿಸ್ಟ್ರಿಬ್ಯೂಟರ್‌ಗಳಿಂದ ತರಿಸಿ. ಹಣವನ್ನು ರೆಸಿಸ್ಟರ್‌ಗಿಂತ ಸ್ವಿಚ್ಚಿಗೆ ಹಾಕಿ. ಕೆಟ್ಟ ರೆಸಿಸ್ಟರ್ ಅನ್ನು ಅಳೆದು ತಿದ್ದಬಹುದು, ಕೆಟ್ಟ ಸ್ವಿಚ್ಚನ್ನು ತಿದ್ದಲಾಗದು.

ಸುಡದಂತೆ ನೋಡಿಕೊಳ್ಳಿ

ಡೆಕೇಡ್ ಬಾಕ್ಸ್ ಲೋಡ್ ಬ್ಯಾಂಕ್ (ಹೆಚ್ಚು ಕರೆಂಟ್ ಎಳೆದು ಪರೀಕ್ಷಿಸುವ ಸಾಧನ) ಅಲ್ಲ. ಸೆಕೆಂಡ್ ಹ್ಯಾಂಡ್ ಡಬ್ಬಿಗಳಲ್ಲಿ ಸುಟ್ಟಿರುವುದು ಹೆಚ್ಚಾಗಿ 1 ಮತ್ತು 10ರ ಸ್ಥಾನಗಳು. ಕಾರಣ ಒಂದೇ. ಯಾರೋ ಅದನ್ನು 12 ವೋಲ್ಟ್‌ಗೆ ಹಚ್ಚಿ ನಾಬ್ ಇಳಿಸಿರುತ್ತಾರೆ. 10 ಓಮ್‌ನಲ್ಲಿ 1.2 ಆಂಪ್, 14 ವಾಟ್‌ಗೂ ಜಾಸ್ತಿ. ಒಳಗಿರುವುದು ಕಾಲು ವಾಟ್‌ನ ರೆಸಿಸ್ಟರ್. ಕಣ್ಣು ಮಿಟುಕಿಸುವುದರೊಳಗೆ ಹೋಯಿತು.

ಕಾಲು ವಾಟ್ ರೆಸಿಸ್ಟರ್‌ಗಳ ಡಬ್ಬಿಯಲ್ಲಿ 1 ಓಮ್ ಸ್ಥಾನ 500 ಮಿಲಿಆಂಪ್ ತಡೆಯುತ್ತದೆ, 100ರ ಸ್ಥಾನ 50, 10 ಕಿಲೋಓಮ್ ಸ್ಥಾನ ಬರೀ 5. ಒಂದು ವಾಟ್‌ನದಾದರೆ ಇವೆಲ್ಲ ಎರಡರಷ್ಟು. ಆನ್ ಆಗಿರುವ ಸ್ಥಾನಗಳಲ್ಲಿ ಯಾವುದರ ಮಿತಿ ಅತಿ ಕಡಿಮೆಯೋ ಅದೇ ಇಡೀ ಡಬ್ಬಿಯ ಮಿತಿ. ಆರ್‌ಟಿಡಿ ಕೆಲಸದಲ್ಲಿ ಕರೆಂಟ್ 1 ಮಿಲಿಆಂಪ್ ಆಸುಪಾಸು, ಅಲ್ಲಿ ಯೋಚನೆಯೇ ಬೇಡ. 4–20 ಮಿಲಿಆಂಪ್ ಲೂಪ್‌ನಲ್ಲಿ 250 ಓಮ್ ಇಟ್ಟು 1–5 ವೋಲ್ಟ್ ನೋಡುವುದಕ್ಕೂ ತೊಂದರೆ ಇಲ್ಲ. 12 ವೋಲ್ಟ್ ಕನಿಷ್ಠ ಬೇಕಾದ ಟ್ರಾನ್ಸ್‌ಮಿಟರ್ 24 ವೋಲ್ಟ್ ಸಪ್ಲೈನಲ್ಲಿ 600 ಓಮ್‌ವರೆಗೆ ಎಳೆಯಬೇಕು, ಅದನ್ನು ಪರೀಕ್ಷಿಸಲು ಡಬ್ಬಿ ಬಹಳ ಚಂದ.

ನಾಬ್ ತಿರುಗಿಸುವ ಕ್ರಮದಲ್ಲೂ ಒಂದು ಎಚ್ಚರ ಬೇಕು. 1000ದಿಂದ 999ಕ್ಕೆ ಹೋಗುವಾಗ ಮೊದಲು ಸಾವಿರದ ನಾಬ್ ಇಳಿಸಿದರೆ ಡಬ್ಬಿ ಆ ಗಳಿಗೆಯಲ್ಲಿ ಸೊನ್ನೆ ಓಮ್! ಹಿಂದಿರುವ ಸರ್ಕ್ಯೂಟ್ ಶಾರ್ಟ್ ಆಗುತ್ತದೆ. ಚಿಕ್ಕ ನಾಬ್‌ಗಳನ್ನು ಮೊದಲು ಒಂಬತ್ತಕ್ಕೆ ಏರಿಸಿ, ಆಮೇಲೆ ದೊಡ್ಡದನ್ನು ಇಳಿಸಿ.

ಮೆಗ್ಗರ್, ಅರ್ಥ್ ಟೆಸ್ಟರ್, ಸ್ಟ್ರೈನ್ ಗೇಜ್

ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಪರೀಕ್ಷೆಗೆ ಸಾಮಾನ್ಯ ಡಬ್ಬಿ ಹಚ್ಚಬೇಡಿ. 500 ಅಥವಾ 1000 ವೋಲ್ಟ್ ಅದರ ರೆಸಿಸ್ಟರ್‌ಗಳ, ಸ್ವಿಚ್ಚಿನ ಮಿತಿಯನ್ನು ಮೀರಬಹುದು. ಆಘಾತದ ಅಪಾಯವೂ ಇದೆ. ಹೈ ವೋಲ್ಟೇಜ್ ಮೆಗಾಓಮ್ ಡಬ್ಬಿ ಎಂದೇ ಬೇರೆ ಬರುತ್ತದೆ, ಗಾರ್ಡ್ ಟರ್ಮಿನಲ್ (ಸೋರುವ ಕರೆಂಟ್ ಅಳತೆಗೆ ಸೇರದಂತೆ ತಡೆಯುವಂಥದ್ದು) ಇರುವುದನ್ನು ಆರಿಸಿ. ಮೆಗಾಓಮ್‌ಗಳಲ್ಲಿ ಶತ್ರು ಸ್ವಿಚ್ ಅಲ್ಲ, ತೇವ. 10 ಮೆಗಾಓಮ್ ಪಕ್ಕದಲ್ಲಿ 10 ಗಿಗಾಓಮ್‌ನಷ್ಟು ಸೋರಿಕೆ ಇದ್ದರೂ ಶೇ. 0.1 ಹೋಗುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಬೆವರಿದ ಕೈಯಿಂದ ಟರ್ಮಿನಲ್ ನಡುವಿನ ಪ್ಲಾಸ್ಟಿಕ್ ಮುಟ್ಟಿದರೂ ಸಾಕು, ಸೋರಿಕೆ ಶುರು.

ಅರ್ಥ್ ಟೆಸ್ಟರ್‌ಗೆ ಕೆಳಗಿನ ಓಮ್‌ಗಳು ಬೇಕು. 1 ಓಮ್, 10 ಓಮ್ ನೋಡುವ ಜಾಗ ಅದು. ಸೊನ್ನೆ ರೆಸಿಸ್ಟೆನ್ಸ್ ಕೆಲವು ಮಿಲಿಓಮ್ ಇರುವ ರೋಟರಿ ಡಬ್ಬಿಯೇ ಆಗಬೇಕು. ಕರೆಂಟ್ ಮತ್ತು ಪೊಟೆನ್ಷಿಯಲ್ ವೈರುಗಳನ್ನು ಡಬ್ಬಿಯ ಟರ್ಮಿನಲ್‌ನಲ್ಲೇ ಕೂಡಿಸಿ, ಅದಕ್ಕೂ ಮೊದಲು ಅಲ್ಲ.

ಸ್ಟ್ರೈನ್ ಗೇಜ್ (ಅಂಟಿಸಿದ ವಸ್ತುವಿನ ಉದ್ದ ಎಷ್ಟು ಬದಲಾಯಿತೆಂದು ಅಳೆಯುವ ಸೆನ್ಸರ್) ಬಳಸುವವರಿಗೆ ಡಬ್ಬಿಯ ಮೇಲಿನ ಸ್ಥಾನಗಳು ಬೇಕು. 350 ಓಮ್ ಗೇಜ್‌ಗೆ ಅಡ್ಡಲಾಗಿ 174.65 ಕಿಲೋಓಮ್ ಹಾಕಿದರೆ, ಗೇಜ್ ಫ್ಯಾಕ್ಟರ್ (ಉದ್ದದ ಬದಲಾವಣೆಗೆ ಓಮ್ ಎಷ್ಟು ಪಟ್ಟು ಬದಲಾಗುತ್ತದೆ ಎಂಬುದು) 2 ಇದ್ದಾಗ, ಸರಿಯಾಗಿ 1000 ಮೈಕ್ರೊಸ್ಟ್ರೈನ್ (ಉದ್ದದಲ್ಲಿ ಸಾವಿರಕ್ಕೆ ಒಂದು ಭಾಗದ ಬದಲಾವಣೆ) ನಟಿಸಿದಂತಾಗುತ್ತದೆ. ಅಷ್ಟು ಮೇಲೆ ಸ್ವಿಚ್ಚಿನ ಮಿಲಿಓಮ್ ಯಾರಿಗೆ ಬೇಕು? ಶೇ. 0.1ರ ಫಿಲ್ಮ್ ಡಬ್ಬಿ ಚೆನ್ನಾಗಿ ಸಾಕು.

ಎಸಿ (ಆಲ್ಟರ್ನೇಟಿಂಗ್ ಕರೆಂಟ್) ಸಿಗ್ನಲ್ ಇದ್ದರೆ ಹುಷಾರು. 1 ಮೆಗಾಓಮ್ ಇಟ್ಟಾಗ ಡಬ್ಬಿಯ ಒಳಗಿನ 30 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸುಮಾರು 5 ಕಿಲೋಹರ್ಟ್ಜ್‌ನಲ್ಲೇ ಅದನ್ನು ಕೆಡಿಸಿಬಿಡುತ್ತದೆ.

ಸರ್ಟಿಫಿಕೇಟ್ ಓದುವುದು

ಒಂದು ಉಪಕರಣ ಪರೀಕ್ಷಿಸುವ ಮಾನದಂಡ ಅದಕ್ಕಿಂತ ನಾಲ್ಕು ಪಟ್ಟು ಉತ್ತಮ ಇರಬೇಕು ಎಂಬುದು ರೂಢಿ. ಅರ್ಧ ಡಿಗ್ರಿ ನಿಖರತೆಯ ಪಿಟಿ-100 ಕಂಟ್ರೋಲರ್ ಎಂದಿಟ್ಟುಕೊಳ್ಳಿ. ಅದರ ನಾಲ್ಕನೇ ಒಂದು ಭಾಗ ಅಂದರೆ 0.125 ಡಿಗ್ರಿ, ಸುಮಾರು 48 ಮಿಲಿಓಮ್. 100 ಓಮ್‌ನಲ್ಲಿ ಶೇ. 0.05 ಕೂಡ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಶೇ. 0.02 ಅಥವಾ ಉತ್ತಮ ಬೇಕು, ಇಲ್ಲವೇ ಅಳೆದ ಓಮ್ ಬರೆದ ಸರ್ಟಿಫಿಕೇಟ್ ಇರುವ ಸ್ಥಿರವಾದ ಡಬ್ಬಿ ಬೇಕು.

ಈ ಎರಡನೆಯದನ್ನು ಜನ ಮರೆಯುತ್ತಾರೆ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೆ ಡಬ್ಬಿ ಕಳಿಸುವಾಗ ಪಾಸ್ ಅಥವಾ ಫೇಲ್ ಎಂಬ ಕಾಗದ ಕೇಳಬೇಡಿ. ಪ್ರತಿ ಹೆಜ್ಜೆಯ ಅಳೆದ ಬೆಲೆ, ಅದರ ಅನಿಶ್ಚಿತತೆ, ಸೊನ್ನೆ ರೆಸಿಸ್ಟೆನ್ಸ್, ಅಳೆದ ದಿನದ ತಾಪಮಾನ, ಇವನ್ನು ಕೇಳಿ. ಬೆಂಗಳೂರಿನಲ್ಲಿ ಪೀಣ್ಯದ ಇಟಿಡಿಸಿಯಂಥ ಸರ್ಕಾರಿ ಪರೀಕ್ಷಾ ಕೇಂದ್ರವೂ ಇದೆ, ಖಾಸಗಿ ಲ್ಯಾಬ್‌ಗಳೂ ಇವೆ. ಈ ಸರಪಳಿಯ ಮೇಲಿನ ತುದಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. ಅಲ್ಲಿ ಓಮ್ ಅನ್ನು ಕ್ವಾಂಟಮ್ ಹಾಲ್ ವಿದ್ಯಮಾನದಿಂದ ಪಡೆಯುತ್ತಾರೆ. 25812.807 ಓಮ್ ಎಂಬ, ಯಾವ ಸ್ವಿಚ್ಚೂ ಕೆಡಿಸಲಾಗದ ಬೆಲೆ. ನಿಮ್ಮ ಡಬ್ಬಿಯ 138.51 ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಇಳಿದು ಬಂದದ್ದು ಎಂದು ಯೋಚಿಸಿದಾಗ ನನಗೆ ಇಂದಿಗೂ ಖುಷಿಯಾಗುತ್ತದೆ.

ಸರ್ಟಿಫಿಕೇಟ್‌ನಲ್ಲಿ 100 ಓಮ್ ಹೆಜ್ಜೆ 100.043 ಎಂದು ಬಂದರೆ ಬೇಸರ ಬೇಡ. ವರ್ಷ ಬಿಟ್ಟು ಮತ್ತೆ 100.044 ಬಂದರೆ ಅದು ಬಂಗಾರದಂಥ ಡಬ್ಬಿ. ಈ ವರ್ಷ 100.002, ಮುಂದಿನ ವರ್ಷ 99.96 ಬಂದರೆ ಅದನ್ನು ಬೆಂಚಿನ ಪ್ರಯೋಗಕ್ಕೆ ಇಳಿಸಿ.

ನನ್ನ ಆಯ್ಕೆ ಕೇಳಿದರೆ

ಎಸಿ, ಫ್ರಿಜ್, ವಾಹನದ ಸೆನ್ಸರ್ ನೋಡುವವರು, ವಿದ್ಯಾರ್ಥಿಗಳು: ಶೇ. 1ರ ಅಗ್ಗದ ಡಬ್ಬಿ, ಕಣ್ಣು ಮುಚ್ಚಿ. ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗ: 0.01 ಓಮ್ ಹೆಜ್ಜೆ ಇರುವ, ಶೇ. 0.02ರ ರೋಟರಿ ಡಬ್ಬಿ, ಸರ್ಟಿಫಿಕೇಟ್ ಸಹಿತ. ಹಣ ಸಾಲದಿದ್ದರೆ ಸಾಧಾರಣ ರೋಟರಿ ಡಬ್ಬಿ ಮತ್ತು ಒಳ್ಳೆಯ ಮೀಟರ್. ಕ್ಯಾಲಿಬ್ರೇಷನ್ ಲ್ಯಾಬ್ ನಡೆಸುವವರಿಗೆ ನಾನು ಹೇಳಬೇಕಿಲ್ಲ, ಆದರೂ 1 ಓಮ್‌ಗಿಂತ ಕೆಳಗಿನ ಕೆಲಸಕ್ಕೆ ಡಬ್ಬಿ ಬಿಟ್ಟು ನಾಲ್ಕು ಟರ್ಮಿನಲ್‌ನ ಬಿಡಿ ಸ್ಟ್ಯಾಂಡರ್ಡ್ ರೆಸಿಸ್ಟರ್ ಇಟ್ಟುಕೊಳ್ಳಿ.

ಕೊಳ್ಳಲು ಹೋಗುವಾಗ ಮಿಲಿಓಮ್ ತೋರಿಸುವ ನಾಲ್ಕು ವೈರಿನ ಮೀಟರ್ ಜೊತೆಗಿರಲಿ. ಎಲ್ಲ ನಾಬ್ ಸೊನ್ನೆಗೆ ಇಟ್ಟು ಅಳೆಯಿರಿ. ನೂರರ ನಾಬ್ ಅನ್ನು ಒಂಬತ್ತಕ್ಕೆ ಒಯ್ದು ಸೊನ್ನೆಗೆ ತನ್ನಿ, ಮತ್ತೆ ಅಳೆಯಿರಿ. ಹತ್ತು ಸಲ ಹೀಗೆ ಮಾಡಿ. ಹತ್ತೂ ಸಲ ಒಂದೆರಡು ಮಿಲಿಓಮ್ ಒಳಗೇ ಮರಳಿದರೆ ಬೆಲೆ ಕೇಳಿ. ಐವತ್ತು ಮಿಲಿಓಮ್ ಓಲಾಡಿದರೆ ಡಬ್ಬಿಯನ್ನು ಅಲ್ಲೇ ಕೌಂಟರ್ ಮೇಲೆ ಇಟ್ಟು ಬನ್ನಿ.